ಹೆಸರು ಅಂಟಿಸಿದ ಯಂತ್ರ

ವಿಮಾನ ನಿಲ್ದಾಣ

ಪರದೇಶದ ನೆಲಕ್ಕೆ ಕಾಲಿಟ್ಟು ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಚಿಟಿಕೆ ಚಟ್ನಿಪುಡಿ ತಿಂದು ತೋರಿಸಿದ್ದು. ಆಮ್‌ಸ್ಟರ್‌ಡ್ಯಾಮಿನ ಕಸ್ಟಮ್ಸಿನವನು ನನ್ನ ಪೆಟ್ಟಿಗೆ ಬಿಚ್ಚಿ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಒಂದರಲ್ಲಿ ಅತ್ತೆಯವರು ಕುಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಒಂದರಲ್ಲಿ ವಿಭೂತಿ, ಇನ್ನೊಂದರಲ್ಲಿ ನನ್ನ ವಿದ್ಯಾರ್ಥಿನಿ ಗಿರಿಜೆ ಕೊಟ್ಟ ಬಿಳಿ ಪುಡಿ. ಹಿಪ್ಪಿಗಳ ಕಾಲ ಅದು. ಇಂಡಿಯಾದಿಂದ ಬಂದ ಪುಡಿ ಎಂದರೆ ಅವರ ತಲೆಯಲ್ಲಿ ಒಂದೇ ಯೋಚನೆ: ಅಮಲು. ಸೀರೆ ಉಟ್ಟ, ಕಿವಿಯ ಹತ್ತಿರ ಕೂದಲು ನೆರೆತ ಹೆಂಗಸೆಂದು ಅವನು ರಿಯಾಯಿತಿಯನ್ನೇನೂ ತೋರಿಸಲಿಲ್ಲ.

ಚಟ್ನಿಪುಡಿ ಬಾಯಿಗೆ ಹಾಕಿಕೊಂಡೆ. ವಿಭೂತಿ ಹಣೆಗೆ ಹಚ್ಚಿಕೊಂಡೆ. ಅವನು ಮೂರನೆಯ ಸೀಸೆ ಎತ್ತಿ ಹುಬ್ಬೇರಿಸಿದ. ಅದನ್ನು ತಿನ್ನುವ ಹಾಗಿಲ್ಲ, ಹಚ್ಚಿಕೊಳ್ಳುವ ಹಾಗೂ ಇಲ್ಲ. ಹೊನ್ನೆಮರದ ತೊಗಟೆಯನ್ನು ಕುದಿಸಿ, ಸೋಸಿ, ಮತ್ತೆ ಕುದಿಸಿ ಗಿರಿಜೆ ವರ್ಷಗಟ್ಟಲೆ ಒದ್ದಾಡಿ ತೆಗೆದ ಸತ್ವ ಅದು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಆ ಹುಡುಗಿ ಬ್ಯಾಡರಹಳ್ಳಿಯಿಂದ ದಿನಾ ಮಾಗಡಿ ರಸ್ತೆಯ ಬಸ್ಸಿನಲ್ಲಿ ಜೋತು ಬೀಳುತ್ತ ಬರುತ್ತಿದ್ದಳು. ಮರುವರ್ಷ ಅವಳ ಫೆಲೋಶಿಪ್ ಮುಗಿಯುತ್ತಿತ್ತು. ‘ದುಡ್ಡು ಬರೋವರ್ಗೂ ಓದ್ಕೋ, ಆಮೇಲೆ ಗಂಡು ನೋಡ್ತೀನಿ’ ಎಂದು ಅವಳಪ್ಪ ಗಡುವು ಹಾಕಿದ್ದರು. ಅಷ್ಟರೊಳಗೆ ಈ ಪುಡಿಯೊಳಗಿನ ರಚನೆ ಏನೆಂದು ಗೊತ್ತಾಗದಿದ್ದರೆ ಪ್ರಬಂಧ ಅಲ್ಲಿಗೆ ನಿಂತಂತೆ. ಅದನ್ನು ಹೇಳುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಇದ್ದ ಕಡೆ ನಮ್ಮ ಸರದಿ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು.

‘ಮೇಡಂ, ಹೆಂಗಾದ್ರೂ ಮಾಡಿ ಇದರ ಗ್ರಾಫ್ ತೆಗೆಸ್ಕೊಂಡ್ ಬನ್ನಿ’ ಎಂದು ಸೀಸೆಯನ್ನು ಕೈಗಿಟ್ಟು ಕಳಿಸಿದ್ದಳು. ಈಗ ಅದು ಪೊಲೀಸರ ಕೈಗೆ ಹೋಗುವುದರಲ್ಲಿತ್ತು.

ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಬಂದಿದ್ದ ಪ್ರೊಫೆಸರ್ ಹೆಂಡ್ರಿಕ್ಸ್ ಒಳಗೆ ಬಂದರು. ಬಿದಿರಿನ ಗಳುವಿನ ಹಾಗೆ ಉದ್ದನೆಯ ಮನುಷ್ಯ. ಪತ್ರದಲ್ಲಿ ಬಿಟ್ಟರೆ ನನ್ನನ್ನು ಕಂಡವರಲ್ಲ. ಕಸ್ಟಮ್ಸಿನವನ ಜೊತೆ ಅವರ ಭಾಷೆಯಲ್ಲಿ ಒಂದೆರಡು ಮಾತಾಡಿ, ಕಾಗದವೊಂದರಲ್ಲಿ ತಮ್ಮ ಹೆಸರು, ಮನೆಯ ವಿಳಾಸ ಬರೆದು ಸಹಿ ಹಾಕಿದರು. ಸೀಸೆ ನನ್ನ ಕೈಗೆ ವಾಪಸ್ಸು ಬಂತು.

‘ಏನೆಂದು ಬರೆದಿರಿ?’ ಎಂದೆ.

‘ಇದರಿಂದ ತೊಂದರೆಯಾದರೆ ನನ್ನನ್ನು ಹಿಡಿಯಿರಿ ಎಂದು’ ಅಂದರು, ಕಾರಿನ ಬಾಗಿಲು ತೆಗೆಯುತ್ತ. ಹೀಗೆ ಕಂಡುಕೇಳದವರಿಗೆ ಸಹಿ ಹಾಕಿಕೊಡುವ ಮನುಷ್ಯ ನಮ್ಮ ಕಡೆ ಇದ್ದಿದ್ದರೆ ಅವನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು ಎಂದುಕೊಂಡೆ.

ಕಾಲುವೆಯ ಪಕ್ಕದ ಕೋಣೆ

ಆ ಊರಿನ ಹೆಸರು ಇಲ್ಲಿ ಬೇಡ. ಅವರ ಸಭೆಯೊಳಗಿನ ಮಾತುಗಳನ್ನು ಮುಂದೆ ಬರೆಯುವವಳಿದ್ದೇನೆ. ನನಗೆ ಸಂಬಳ ಕೊಡುವ ವಿಶ್ವವಿದ್ಯಾಲಯದ ಹೆಸರೂ ಬೇಡ. ಅದಕ್ಕೆ ಕಾರಣ ನಿಮಗೇ ಗೊತ್ತಾಗುತ್ತದೆ.

ಹೆಂಡ್ರಿಕ್ಸರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆಂದು ಬಂದಿದ್ದ ನನಗೆ ಮೂರು ತಿಂಗಳ ಮಟ್ಟಿಗೆ ಕೋಣೆ ಕೊಟ್ಟವಳು ಒಬ್ಬ ವಿಧವೆ. ಕಾಫಿಯ ಜೊತೆ ಡಬ್ಬಿ ತೆಗೆದು ಒಂದೇ ಒಂದು ಬಿಸ್ಕತ್ತು ಕೊಟ್ಟು, ಟಪ್ಪೆಂದು ಮುಚ್ಚಳ ಹಾಕಿದಳು. ನಾನು ನಮ್ಮ ಪದ್ಧತಿಯಂತೆ ಮೊದಲ ಸಲ ‘ಬೇಡ’ ಎಂದಿದ್ದರೆ ಆ ಒಂದೂ ಸಿಕ್ಕುತ್ತಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆ ನೋಡಿ ‘ಇದರಲ್ಲಿ ಗಂಡನ ಫೋಟೋ ಇದೆಯೇ?’ ಎಂದು ನೇರವಾಗಿ ಕೇಳಿದಳು. ‘ಅವರಿಗೆ ಅಷ್ಟು ಮರ್ಯಾದೆ ಇಲ್ಲ’ ಎಂದೆ. ನಕ್ಕುಬಿಟ್ಟಳು. ಆಮೇಲೆ ಇನ್ನೊಂದು ಬಿಸ್ಕತ್ತು ಕೊಟ್ಟಳು.

ಸಂಜೆ ಬೀದಿಯಲ್ಲಿ ನಡೆದರೆ ನನಗೆ ಮುಜುಗರವಾಗುತ್ತಿತ್ತು. ದೊಡ್ಡ ದೊಡ್ಡ ಗಾಜಿನ ಕಿಟಕಿಗಳು. ದೀಪ ಹಚ್ಚಿದ ಮೇಲೂ ಯಾರೂ ಪರದೆ ಎಳೆಯುವುದಿಲ್ಲ. ಊಟ ಮಾಡುವವರು, ಇಸ್ತ್ರಿ ಹಾಕುವವರು, ಜಗಳವಾಡುವವರು ಎಲ್ಲ ಬೀದಿಗೇ ಕಾಣುತ್ತಾರೆ. ರಾಜಾಜಿನಗರದ ನಮ್ಮ ಸಾಲಿನಲ್ಲಿ ಸಂಜೆ ಆಗುವ ಮೊದಲೇ ಪರದೆ ಎಳೆದಿರುತ್ತೇವೆ. ಆದರೂ ನಮ್ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಎದುರುಮನೆಯವರಿಗೆ ಗೊತ್ತಿರುತ್ತದೆ.

‘ಮುಚ್ಚಿಕೊಳ್ಳುವಂಥದ್ದು ಏನಿದೆ?’ ಎಂದಳು ಮನೆಯವಳು. ನನಗಂತೂ ಕೋಣೆಯ ಕಿಟಕಿಗೆ ಸೀರೆ ಕಟ್ಟದೆ ನಿದ್ದೆ ಬರಲಿಲ್ಲ.

ಪ್ರಯೋಗಶಾಲೆ

ಪ್ರಯೋಗಶಾಲೆಯಲ್ಲಿ ನನ್ನ ಮಾನ ಮೊದಲ ದಿನವೇ ಹೋಯಿತು. ಅಲ್ಲಿನ ಪ್ರತಿ ಯಂತ್ರದ ಮೇಲೂ ಒಂದು ಚೀಟಿ ಅಂಟಿಸಿತ್ತು. ಚೀಟಿಯಲ್ಲಿ ಒಬ್ಬರ ಹೆಸರು, ಮನೆಯ ಟೆಲಿಫೋನ್ ನಂಬರು. ನಮ್ಮ ಮಠದ ಫ್ಯಾನು, ಗುಡಿಯ ಟ್ಯೂಬ್‌ಲೈಟು, ಬಸ್‌ಸ್ಟಾಪಿನ ಕಲ್ಲುಬೆಂಚು ಕಂಡು ಬೆಳೆದ ನನಗೆ ಅನುಮಾನವೇ ಬರಲಿಲ್ಲ. ಕಾಫಿ ಹೊತ್ತಿನಲ್ಲಿ ಡೆ ವ್ರೀಸ್ ಎಂಬ ತರುಣನ ಪರಿಚಯವಾಯಿತು. ದೊಡ್ಡ ಯಂತ್ರವೊಂದರ ಮೇಲೆ ಕಂಡದ್ದು ಅದೇ ಹೆಸರು. ತಕ್ಷಣ ಎದ್ದು ನಿಂತು, ‘ಅಷ್ಟು ದೊಡ್ಡ ಯಂತ್ರ ದಾನ ಕೊಟ್ಟ ನಿಮ್ಮ ಮನೆತನ ಚೆನ್ನಾಗಿರಲಿ’ ಎಂದು ಕೈಮುಗಿದೆ.

ಅವನು ಕಕ್ಕಾಬಿಕ್ಕಿಯಾದ. ‘ದಾನವೇ? ನನ್ನ ಸೈಕಲ್ಲಿನ ಬ್ರೇಕು ರಿಪೇರಿಗೇ ಹಣವಿಲ್ಲ’ ಎಂದ. ಸುತ್ತ ಇದ್ದವರೆಲ್ಲ ಗೊಳ್ಳೆಂದರು.

ಆ ಚೀಟಿ ದಾನಿಯದಲ್ಲ, ಬೈಸಿಕೊಳ್ಳುವವನದು. ಯಂತ್ರ ಕೆಟ್ಟರೆ, ಸುಮ್ಮನೆ ನಿಂತರೆ, ಬೇಡದ್ದನ್ನು ಕೊಂಡು ತಂದಿದ್ದರೆ ಎಲ್ಲರೂ ಹೋಗಿ ಹಿಡಿಯುವುದು ಆ ಹೆಸರಿನವನನ್ನು. ಕೊಳ್ಳುವಾಗ ಅವನು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ವಿಭಾಗಕ್ಕೆ ಹಣ ಒಟ್ಟಾಗಿ ಬರುತ್ತದೆ, ಹೇಗೆ ಬೇಕೋ ಹಾಗೆ ಖರ್ಚು ಮಾಡಬಹುದು, ಉಳಿದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಆದರೆ ವರ್ಷದ ಕೊನೆಗೆ ಬಾಗಿಲು ತೆರೆದ ಸಭೆಯಲ್ಲಿ ವಿದ್ಯಾರ್ಥಿಗಳು, ನೌಕರರು, ಅಧ್ಯಾಪಕರು ಎಲ್ಲರ ಮುಂದೆ ನಿಂತು ಉತ್ತರ ಹೇಳಬೇಕು.

ನಮ್ಮದೂ ಕಾಗದದ ಮೇಲೆ ಸ್ವಾಯತ್ತ ಸಂಸ್ಥೆಯೇ. ಆದರೆ ಗಾಜಿನ ನಳಿಕೆ ಬೇಕೆಂದರೂ ಮೂರು ಕೊಟೇಶನ್ ಬೇಕು. ಸ್ವಲ್ಪ ದೊಡ್ಡ ಸಾಮಾನಾದರೆ ಫೈಲು ವಿಧಾನಸೌಧಕ್ಕೆ ಹೋಗಿ ಅಲ್ಲೇ ಬೇರು ಬಿಡುತ್ತದೆ. ಕೊನೆಗೆ ಮಾರ್ಚ್ ತಿಂಗಳಲ್ಲಿ, ಹಣ ಸರ್ಕಾರಕ್ಕೆ ವಾಪಸ್ಸು ಹೋಗುತ್ತದೆಂದು ಎಲ್ಲರೂ ಅಂಗಡಿಗೆ ಓಡುತ್ತೇವೆ. ಹಾಗೆ ಕೊಂಡ ಬೀಕರುಗಳು ಇನ್ನೂ ಬಿಚ್ಚದ ಪೆಟ್ಟಿಗೆಯ ಹುಲ್ಲಿನೊಳಗೇ ಇವೆ. ಅವನ್ನು ಯಾಕೆ ತಂದಿರಿ ಎಂದು ಇಂದಿನವರೆಗೆ ಯಾರೂ ಕೇಳಿಲ್ಲ. ನಮ್ಮಲ್ಲಿ ಖರ್ಚಿಗೆ ಮೊದಲು ಊರೆಲ್ಲ ಕೇಳುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ. ಅಲ್ಲಿ ಇದರ ತಿರುಗುಮುರುಗು.

ಗಿರಿಜೆಯ ಪುಡಿಯ ಮೊದಲ ಗ್ರಾಫನ್ನು ಅಲ್ಲಿನ ಹಳೆಯ ಇನ್‌ಫ್ರಾರೆಡ್ ಯಂತ್ರದಲ್ಲಿ ತೆಗೆದೆವು. ಕಣ್ಣಿಗೆ ಕಾಣದ ಬೆಳಕನ್ನು ಪುಡಿಯ ಮೂಲಕ ಹಾಯಿಸಿದರೆ ಲೇಖನಿಯೊಂದು ಕಾಗದದ ಮೇಲೆ ಅದರ ಜಾತಕ ಬರೆಯುತ್ತ ಹೋಗುತ್ತದೆ. ನೋಡಿದ ಹೆಂಡ್ರಿಕ್ಸ್ ತಲೆಯಾಡಿಸಿದರು. ‘ಒಂದು ಗ್ರಾಫ್ ಸಾಲದು. ಪುಡಿಯನ್ನು ಇನ್ನಷ್ಟು ಶುದ್ಧ ಮಾಡುತ್ತ ಪ್ರತಿ ಹಂತದಲ್ಲೂ ತೆಗೆಯಬೇಕು. ಆ ಹುಡುಗಿಯ ಕೈಯಳತೆಯಲ್ಲೇ ಯಂತ್ರವಿರಬೇಕು’ ಎಂದರು. ಗ್ರಾಫನ್ನು ಮಡಚಿ ಕೊಡುತ್ತ, ‘ನಮಗೆ ಹೊಸದು ಬರುತ್ತಿದೆ. ಇದನ್ನು ತೆಗೆದುಕೊಂಡು ಹೋಗುತ್ತೀರಾ? ಮದ್ರಾಸಿನವರೆಗೆ ಹಡಗಿನ ಖರ್ಚು ನಮ್ಮದು’ ಅಂದರು.

‘ಕೇಳಿ ಹೇಳ್ತೀನಿ’ ಎಂದೆ.

‘ಯಾರನ್ನು?’ ಎಂದರು ಅವರು.

ತಂತಿ ಕಚೇರಿ

ಯಂತ್ರ ಬೇಕೆಂದು ಪಕ್ಕದ ಊರಿನ ತಾಂತ್ರಿಕ ಶಾಲೆಯವರೂ ಅರ್ಜಿ ಹಾಕಿದ್ದರು. ಯಾರಿಗೆ ಕೊಡುವುದೆಂದು ವಿಭಾಗದ ಸಭೆ ತೀರ್ಮಾನಿಸಬೇಕು. ಸಭೆಗೆ ಮೊದಲೇ ನಮ್ಮ ವಿಶ್ವವಿದ್ಯಾಲಯದ ಒಪ್ಪಿಗೆ ಕೈಯಲ್ಲಿದ್ದರೆ ಒಳ್ಳೆಯದೆನಿಸಿತು. ನಮ್ಮ ಹಣಕಾಸು ಅಧಿಕಾರಿ ರಂಗಸ್ವಾಮಿಯವರಿಗೆ ತಂತಿ ಕೊಟ್ಟೆ: ಪುಕ್ಕಟೆ ಯಂತ್ರ, ಒಪ್ಪಿಗೆ ಕಳಿಸಿ.

ದಿನಾ ಸಂಜೆ ತಂತಿ ಕಚೇರಿಗೆ ಹೋಗಿ ನಿಲ್ಲುತ್ತಿದ್ದೆ. ಕಿಟಕಿಯ ಹಿಂದಿನ ಹೆಂಗಸು ನಾನು ಬಾಗಿಲಲ್ಲಿ ಕಾಣುತ್ತಿದ್ದಂತೆ ಕತ್ತು ಅಲ್ಲಾಡಿಸುತ್ತಿದ್ದಳು. ಕೊನೆಗೊಂದು ದಿನ ಉತ್ತರ ಬಂತು. ‘ಮೂರು ಕೊಟೇಶನ್ ಕಳಿಸಿ.’

ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಪುಕ್ಕಟೆ ಸಿಗುವುದನ್ನು ಇನ್ನಿಬ್ಬರು ಎಷ್ಟಕ್ಕೆ ಪುಕ್ಕಟೆ ಕೊಡುತ್ತಾರೆ ಎಂದು ಕೇಳಿಕೊಂಡು ಹೋಗಲೇ? ನಮ್ಮೂರಾಗಿದ್ದರೆ ಚಿಂತೆಯಿರಲಿಲ್ಲ. ಅಂಗಡಿಯವನೇ ತನ್ನದೊಂದು, ಭಾವಮೈದುನನದೊಂದು, ಷಡ್ಡಕನದೊಂದು ಲೆಟರ್‌ಹೆಡ್ ತೆಗೆದು ಮೂರನ್ನೂ ಒಂದೇ ಪೆನ್ನಿನಲ್ಲಿ ಬರೆದುಕೊಡುತ್ತಾನೆ. ಹೆಂಡ್ರಿಕ್ಸರಿಗೆ ವಿಷಯ ಹೇಳಿದಾಗ ಅವರು ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ತಮ್ಮದೊಂದು ಪತ್ರ ಬರೆದರು, ಬೆಲೆ ಸೊನ್ನೆ. ಹೊಸ ಯಂತ್ರ ಮಾರುವ ಎರಡು ಕಂಪನಿಗಳಿಂದ ಬೆಲೆ ತರಿಸಿಕೊಟ್ಟರು. ಮೂರನ್ನೂ ವಿಮಾನದ ಅಂಚೆಗೆ ಹಾಕಿದೆ. ಅತಿ ಕಡಿಮೆ ಬೆಲೆಯದು ಯಾವುದೆಂದು ಕಂಡುಹಿಡಿಯುವಷ್ಟು ಗಣಿತ ನಮ್ಮ ಆಫೀಸಿನವರಿಗೆ ಬರುತ್ತದೆಂದು ನಂಬಿದ್ದೆ.

ಸಭೆಯ ದಿನ ಬಂತು. ಉತ್ತರ ಬರಲಿಲ್ಲ.

ಸಭೆ

ದೊಡ್ಡ ಕೋಣೆ, ದುಂಡು ಮೇಜು, ಎಲ್ಲರ ಮುಂದೆ ಕಾಫಿ. ಹೆಂಡ್ರಿಕ್ಸರ ಎದುರಿಗೇ ಮಾರೈಕ ಎಂಬ ವಿದ್ಯಾರ್ಥಿನಿ ಕೂತು ಹಸಿರು ಉಲ್ಲನ್ನಿನ ಸ್ವೆಟರ್ ಹೆಣೆಯುತ್ತಿದ್ದಳು. ವಿದ್ಯಾರ್ಥಿಗಳ ಪರವಾಗಿ ಅವಳಿಗೂ ಒಂದು ಮತವಿತ್ತು. ನಮ್ಮಲ್ಲಿ ಕುಲಪತಿಗಳ ಸಭೆಯಲ್ಲಿ ಯಾರಾದರೂ ಹೆಣಿಗೆ ಕಡ್ಡಿ ತೆಗೆದರೆ ಏನಾಗಬಹುದೆಂದು ಯೋಚಿಸಿ ಒಳಗೊಳಗೇ ನಗುತ್ತಿದ್ದೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಹೆಂಡ್ರಿಕ್ಸ್ ವಿಷಯ ಮಂಡಿಸಿ ಕೂತ ಮೇಲೆ ಮಾರೈಕ ಕಡ್ಡಿಯಿಂದ ಕಣ್ಣೆತ್ತದೆ ಇಂಗ್ಲಿಷಿನಲ್ಲಿ ಕೇಳಿದಳು.

‘ಈ ಯಂತ್ರದಲ್ಲಿ ಬೆಳಕು ಹಾಯುವ ಕಿಟಕಿಗಳು ಉಪ್ಪಿನವು. ಮಳೆಗಾಲದ ತೇವಕ್ಕೆ ಕರಗುತ್ತವೆ. ನಿಮ್ಮಲ್ಲಿ ಅದನ್ನು ನೋಡಿಕೊಳ್ಳುವವರು ಯಾರು?’

‘ನಮ್ಮ ವಿಶ್ವವಿದ್ಯಾಲಯ’ ಎಂದೆ.

‘ವಿಶ್ವವಿದ್ಯಾಲಯಕ್ಕೆ ಟೆಲಿಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಮನುಷ್ಯರ ಹೆಸರು ಹೇಳಿ.’

ಯಾರ ಹೆಸರು ಹೇಳಲಿ? ವಿಭಾಗದ ಮುಖ್ಯಸ್ಥರು ನಿವೃತ್ತಿಯ ದಿನ ಎಣಿಸುತ್ತಿದ್ದರು. ಕುಲಪತಿಗಳು ಇವತ್ತಿದ್ದರೆ ನಾಳೆ ಇಲ್ಲ. ರಂಗಸ್ವಾಮಿಯವರನ್ನು ಕೇಳಿದರೆ ಸರ್ಕಾರದ ಕಡೆ ಕೈ ತೋರಿಸುತ್ತಾರೆ. ಸರ್ಕಾರದವರನ್ನು ಕೇಳಿದರೆ ‘ನೀವು ಸ್ವಾಯತ್ತರಲ್ಲವೇ?’ ಎನ್ನುತ್ತಾರೆ.

‘ಇದಕ್ಕೆ ಮೊದಲು ಹೊರದೇಶದಿಂದ ಯಂತ್ರ ಬಂದಿದೆಯೇ? ಅದು ನಡೆಯುತ್ತಿದೆಯೇ?’ ಎಂದು ಇನ್ನೊಬ್ಬರು ಕೇಳಿದರು.

ಬಂದಿತ್ತು. ದ್ರವವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್. ತಂದ ವರ್ಷವೇ ಮೋಟಾರು ಸುಟ್ಟಿತು. ಬಜೆಟ್ಟಿನಲ್ಲಿ ಕೊಳ್ಳುವುದಕ್ಕೆ ಒಂದು ಬಾಬತ್ತಿತ್ತು, ರಿಪೇರಿಗೆ ಯಾವ ಬಾಬತ್ತೂ ಇರಲಿಲ್ಲ. ಕಾರಿಡಾರಿನಲ್ಲಿ ನಿಂತ ಅದರ ಮೇಲೆ ನಮ್ಮ ಹುಡುಗಿಯರು ಟಿಫಿನ್ ಡಬ್ಬಿ ಇಡುತ್ತಾರೆ. ‘ಚೆನ್ನಾಗಿ ನಡೀತಾ ಇದೆ’ ಎಂದುಬಿಟ್ಟರೆ ಯಾರು ಬಂದು ನೋಡುತ್ತಾರೆ? ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಿಜ ಹೇಳಿದರೆ ಗಿರಿಜೆಯ ಕಥೆ ಮುಗಿಯಿತು. ಹೆಂಡ್ರಿಕ್ಸ್ ನನ್ನ ಮುಖ ನೋಡುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಇವರು ನನಗಾಗಿ ಹಾಕಿದ ಸಹಿಯ ಮೇಲೆ ಮಸಿ ಬಳಿಯಲು ಮನಸ್ಸು ಬರಲಿಲ್ಲ.

‘ಕೆಟ್ಟು ನಿಂತಿದೆ. ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ’ ಎಂದೆ.

ಮಾರೈಕಳ ಕೈಯಲ್ಲಿ ಕಡ್ಡಿಗಳು ನಿಂತವು.

‘ಹಾಗಾದರೆ ಇದನ್ನೂ ಊಟದ ಮೇಜು ಮಾಡಿಕೊಳ್ಳಲು ಕಳಿಸಬೇಕೆ?’ ಎಂದಳು ಅವಳು. ಕುಹಕವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು.

ನನಗೆ ಕೋಪ ಬಂತು. ಅವಳ ಮೇಲಲ್ಲ. ಆ ಸೆಂಟ್ರಿಫ್ಯೂಜಿನ ಪಕ್ಕದಲ್ಲಿ ಅಷ್ಟು ವರ್ಷ ಓಡಾಡಿದರೂ ಇಂಥದ್ದೊಂದು ಪ್ರಶ್ನೆ ನಮ್ಮಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲವಲ್ಲ ಎಂದು. ಎದ್ದು ನಿಂತೆ. ಎಲ್ಲರೂ ಕೂತೇ ಮಾತಾಡುವ ಸಭೆ ಅದು. ನಾನೊಬ್ಬಳು ಶಾಲೆಯ ಹುಡುಗಿಯ ಹಾಗೆ ನಿಂತಿದ್ದೆ.

‘ಚೀಟಿಯಲ್ಲಿ ನನ್ನ ಹೆಸರು ಬರೆಯಿರಿ. ನೀಲಾಂಬಿಕೆ. ಮನೆಯಲ್ಲಿ ಟೆಲಿಫೋನ್ ಇಲ್ಲ, ವಿಳಾಸ ಕೊಡುತ್ತೇನೆ. ನಿಂತರೆ ನನ್ನನ್ನು ಕೇಳಿ.’

‘ಅಷ್ಟು ಅಧಿಕಾರ ನಿಮಗಿದೆಯೇ?’

‘ಇಲ್ಲ’ ಎಂದೆ. ‘ಅಧಿಕಾರ ಇರುವವರು ಹೊಣೆ ಹೊರುವುದಿಲ್ಲ. ಅದಕ್ಕೇ ನಾನು ಹೊರುತ್ತೇನೆ.’

ಕೈಯೆತ್ತಿಸಿ ಮತ ತೆಗೆದುಕೊಂಡರು. ತಾಂತ್ರಿಕ ಶಾಲೆಯ ಕಡೆಗೂ ಸಾಕಷ್ಟು ಕೈಗಳು ಎದ್ದವು. ನನ್ನ ಕಡೆಗೆ ಕೊನೆಯಲ್ಲಿ ಎದ್ದದ್ದು ಹಸಿರು ಉಲ್ಲನ್ ಹಿಡಿದ ಕೈ. ಆ ಒಂದು ಮತದಿಂದ ನಾವು ಗೆದ್ದೆವು. ಷರತ್ತು ಒಂದೇ: ವರ್ಷಕ್ಕೊಮ್ಮೆ ಯಂತ್ರದ ಕ್ಷೇಮಸಮಾಚಾರ ಬರೆಯಬೇಕು, ಅದನ್ನು ಅದೇ ಸಭೆಯಲ್ಲಿ ಓದುತ್ತಾರೆ.

ರಾಟರ್‌ಡ್ಯಾಮ್ ಬಂದರು

ಯಂತ್ರ ಹಡಗಿಗೆ ಏರುವ ಬೆಳಿಗ್ಗೆ ಕೋಣೆಯ ಬಾಗಿಲಿಗೇ ತಂತಿ ಬಂತು. ‘ಸ್ವೀಕರಿಸಬೇಡಿ. ವಿಷಯ ಪರಿಶೀಲನೆಯಲ್ಲಿದೆ.’ ಅದನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೆಂಡ್ರಿಕ್ಸರ ಕಾರಿನಲ್ಲಿ ರಾಟರ್‌ಡ್ಯಾಮಿಗೆ ಹೊರಟೆ. ದಾರಿಯುದ್ದಕ್ಕೂ ಮಂಜು, ಸಪಾಟು ಹೊಲ, ದನ. ಯಾವುದೂ ಕಣ್ಣಿಗೆ ಹತ್ತಲಿಲ್ಲ.

ಬಂದರಿನ ಗಾಳಿ ಸೆರಗನ್ನು ಹಿಡಿದು ಎಳೆಯುತ್ತಿತ್ತು. ಮರದ ಪೆಟ್ಟಿಗೆ ಕ್ರೇನಿನ ಕೊಕ್ಕೆಗೆ ಸಿಕ್ಕಿ ಕಾಯುತ್ತಿತ್ತು. ಏಜೆಂಟು ಕಾಗದ ಚಾಚಿದ, ‘ಪಡೆಯುವವರ ಸಹಿ’. ನನ್ನ ಕೈ ಮುಂದೆ ಹೋಗಲಿಲ್ಲ. ಹೆಂಡ್ರಿಕ್ಸ್ ಗಮನಿಸಿದರು. ಮುಚ್ಚಿಡುವುದು ಬೇಡವೆನಿಸಿ ತಂತಿಯನ್ನು ಅವರ ಕೈಗೆ ಕೊಟ್ಟೆ. ಓದಿ ಮಡಚಿ ವಾಪಸ್ಸು ಕೊಟ್ಟರು.

‘ಸಹಿ ಮಾಡಿದರೆ ನಿಮಗೆ ಏನಾಗುತ್ತದೆ?’

‘ಗೊತ್ತಿಲ್ಲ. ಕೆಲಸ ಹೋಗಬಹುದು.’

‘ಮಾಡದಿದ್ದರೆ?’

‘ಪರಿಶೀಲನೆ ನಡೆಯುತ್ತಿರುತ್ತದೆ. ಗಿರಿಜೆಗೆ ಮದುವೆಯಾಗುತ್ತದೆ.’

‘ಬೇಕಾದರೆ ಪೆಟ್ಟಿಗೆ ಇಳಿಸಲು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ’ ಎಂದರು. ಅವರು ಒತ್ತಾಯ ಮಾಡಿದ್ದರೆ ಸುಲಭವಾಗುತ್ತಿತ್ತು. ಆಮೇಲೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು.

ನಮ್ಮ ಯಜಮಾನರು ಸರ್ಕಾರಿ ಇಂಜಿನಿಯರು. ಹೊರಡುವಾಗ ಅವರು ಹೇಳಿದ್ದು ಒಂದೇ ಮಾತು: ‘ನೀಲಾ, ಎಲ್ಲಿ ಬೇಕಾದ್ರೂ ಓಡಾಡು, ಏನ್ ಬೇಕಾದ್ರೂ ತಿನ್ನು, ಸೈನ್ ಮಾತ್ರ ಹಾಕ್ಬೇಡ.’ ಆ ಮಾತು ಕಿವಿಯಲ್ಲಿರುವಾಗಲೇ ಸಹಿ ಹಾಕಿದೆ. ಭಯವಾಯಿತು. ಕ್ರೇನು ಪೆಟ್ಟಿಗೆಯನ್ನು ಎತ್ತಿಕೊಂಡಿತು. ಇನ್ನು ಇಳಿಸುವ ಮಾತಿಲ್ಲ ಎಂದು ತಿಳಿದ ಮೇಲೆ ಹಸಿವಾಯಿತು.

ಮದ್ರಾಸು, ಮತ್ತೆ ಊರು

ನಾನು ಬಂದ ವಾರವೇ ಮೆಮೊ ಬಂತು. ಅಪ್ಪಣೆಯಿಲ್ಲದೆ ಸಹಿ ಮಾಡಿದ್ದಕ್ಕೆ ಕಾರಣ ಕೊಡಿ. ಯಜಮಾನರು ಅದನ್ನು ಓದಿ ಹಣೆ ಚಚ್ಚಿಕೊಂಡರು. ‘ನಾನ್ ಹೇಳಿದ್ದೇನು, ನೀನ್ ಮಾಡಿದ್ದೇನು ಮಾರಾಯ್ತಿ!’ ಎಂದು ಕೂಗಾಡಿ, ಮಾರನೆಯ ದಿನ ರಜ ಹಾಕಿ ಯಂತ್ರ ಬಿಡಿಸಿಕೊಳ್ಳಲು ನನ್ನ ಜೊತೆ ಮದ್ರಾಸಿಗೆ ಬಂದರು.

ಯಂತ್ರ ಬಂದರಿನಲ್ಲಿ ಇಳಿದ ಮೇಲೆ ಒಂದು ವಿಚಿತ್ರ ನಡೆಯಿತು. ಅಲ್ಲಿ ದಿನದಿನಕ್ಕೂ ಬಾಡಿಗೆ ಏರತೊಡಗಿತು. ಅದನ್ನು ಕಟ್ಟಬೇಕಾದವರು ಯಾರೆಂಬ ಪ್ರಶ್ನೆ ಎದ್ದದ್ದೇ ತಡ, ತಿಂಗಳುಗಟ್ಟಲೆ ಮಲಗಿದ್ದ ಫೈಲು ಎದ್ದು ಓಡಿತು. ರಂಗಸ್ವಾಮಿಯವರೇ ಬಗಲಲ್ಲಿಟ್ಟುಕೊಂಡು ವಿಧಾನಸೌಧದ ಮೆಟ್ಟಿಲು ಹತ್ತಿ ಇಳಿದರು. ಸುಂಕದ ವಿನಾಯಿತಿ ಬಂತು. ಲಾರಿ ಬಂತು.

ಯಂತ್ರ ಚಾಲೂ ಆದ ದಿನದಿಂದ ಗಿರಿಜೆಯನ್ನು ಆ ಕೋಣೆಯಿಂದ ಹೊರಡಿಸುವುದೇ ಕಷ್ಟವಾಯಿತು. ತೇವ ಹಿಡಿಯದಂತೆ ಉಪ್ಪಿನ ಕಿಟಕಿಗಳಿಗೆ ಬಲ್ಬು ಹಚ್ಚಿದ ಮರದ ಗೂಡು ಮಾಡಿ, ಮಗುವಿನ ಹಾಗೆ ಕಾದಳು. ಫೆಲೋಶಿಪ್ ಮುಗಿಯುವ ಮುನ್ನ ಪ್ರಬಂಧ ಸಲ್ಲಿಸಿದಳು. ‘ನೋಡಿ ಮೇಡಂ, ಈ ಗೆರೆ ಎಷ್ಟ್ ಕ್ಲೀನಾಗ್ ಬಂದಿದೆ!’ ಎಂದು ಗ್ರಾಫಿನ ಕಾಗದ ಹಿಡಿದು ಕುಣಿಯುತ್ತಿದ್ದವಳ ಮುಖವನ್ನು ನೋಡಿ ನನಗೆ ರಾಟರ್‌ಡ್ಯಾಮಿನ ಗಾಳಿ ಸಾರ್ಥಕವೆನಿಸಿತು.

ಅದೇ ವಾರ ರಂಗಸ್ವಾಮಿಯವರು ಕರೆಸಿದರು. ಒಂದು ವರ್ಷ ಇಂಕ್ರಿಮೆಂಟು ತಡೆಹಿಡಿದ ಆದೇಶವನ್ನು ಕೈಗಿಟ್ಟರು. ಕೆಟ್ಟವರಲ್ಲ ಅವರು. ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು.

‘ಬೇಜಾರ್ ಮಾಡ್ಕೋಬೇಡಿ ಮೇಡಂ. ಹಿಂದೆ ಯಾವನೋ ತಂದ ಸೆಂಟ್ರಿಫ್ಯೂಜ್‌ಗೆ ಆಡಿಟ್‌ನೋರು ನನ್ ತಲೆ ತಿಂದ್ರು. ಒಪ್ಪಿಗೆ ತಗೊಂಡ್ರಾ, ಒಪ್ಪಿಗೆ ತಗೊಂಡ್ರಾ ಅಂತ. ಅದಕ್ಕೇ ನಂಗೆ ಭಯ.’

‘ಅದು ಕೆಟ್ಟು ನಿಂತಿದೆಯಲ್ಲ, ಅದನ್ನ ಕೇಳ್ಲಿಲ್ವಾ ಸಾರ್?’

‘ಕೆಟ್ಟಿದ್ಯಾ?’ ಎಂದರು, ನಿಜವಾದ ಆಶ್ಚರ್ಯದಿಂದ.

ಆದೇಶವನ್ನು ಮಡಚಿ ಎದ್ದೆ. ಬಾಗಿಲ ಬಳಿ ನಿಂತು ಕೇಳಿದೆ: ‘ಸಾರ್, ನಾನು ಯಾರನ್ನ ಕೇಳಿ ಸೈನ್ ಹಾಕ್ದೆ ಅಂತ ಇಷ್ಟ್ ದಿನ ಕೇಳಿದ್ರಿ. ಮುಂದಿನ ವರ್ಷ ಒಂದ್ಸಲ ಕರೆಸಿ, ಆ ಮಿಷಿನ್ ನಡೀತಾ ಇದ್ಯಾ, ಯಾರಿಗ್ ಉಪಯೋಗ ಆಯ್ತು ಅಂತಾನೂ ಕೇಳ್ತೀರಾ?’

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾನೇನೋ ತಮಾಷೆ ಮಾಡುತ್ತಿದ್ದೇನೆಂದುಕೊಂಡಿರಬೇಕು, ಮೆಲ್ಲಗೆ ನಕ್ಕರು.

‘ಅದನ್ನ ನಾನ್ಯಾಕ್ ಕೇಳ್ಲಿ ಮೇಡಂ? ಫೈಲ್ ಕ್ಲೋಸ್ ಆಯ್ತಲ್ಲ.’

ಇಂಕ್ರಿಮೆಂಟು ಹೋದದ್ದಕ್ಕೆ ಬಾರದ ಅಳು ಆ ಮಾತಿಗೆ ಬಂತು.